ಇಪ್ಪತ್ತೈದಕ್ಕೆ ತಲೆಯಾಡಿಸುವ ಗಾಡಿ

ಆ ಗಾಡಿ ಇಪ್ಪತ್ತೈದರವರೆಗೆ ಸಾಧು ಹಸುವಿನ ಹಾಗೆ ಹೋಗುತ್ತಿತ್ತು. ವೇಗದ ಮುಳ್ಳು ಇಪ್ಪತ್ತೈದು ದಾಟಿತೋ, ಬೇಡ ಬೇಡ ಎನ್ನುವಂತೆ ತಲೆಯಾಡಿಸಲು ಶುರು. ಮೊದಲು ಹ್ಯಾಂಡಲ್ಲಿನ ತುದಿಯಲ್ಲಿ ಸಣ್ಣ ನಡುಕ. ಆಮೇಲೆ ಮುಂದಿನ ಚಕ್ರವೇ ಎಡಕ್ಕೂ ಬಲಕ್ಕೂ ಪಟಪಟನೆ ಬಡಿದುಕೊಳ್ಳುವುದು. ಬಿಗಿಯಾಗಿ ಹಿಡಿದಷ್ಟೂ ಅದಕ್ಕೆ ಹಟ ಹೆಚ್ಚು. ಬ್ರೇಕ್ ಒತ್ತಿ ಹದಿನೈದಕ್ಕೆ ಇಳಿಸಿದರೆ, ಏನೂ ನಡೆದೇ ಇಲ್ಲವೆಂಬಂತೆ ಸುಮ್ಮನಾಗಿಬಿಡುತ್ತಿತ್ತು.

ಅದು ಮೂರು ಚಕ್ರದ ಬೈಕು. ಮುಂದಿನ ಅರ್ಧ ಯಾವುದೋ ಹಳೆಯ ಬೈಕಿನದು, ಕ್ಲಚ್ ಹಿಡಿಯುವ ಗೋಜಿಲ್ಲದ ಜಾತಿ. ಹಿಂದಿನ ಅರ್ಧ ಕತ್ತರಿಸಿ, ಅಲ್ಲಿ ಅಡ್ಡಕ್ಕೆ ಉದ್ದನೆಯ ಆ್ಯಕ್ಸಲ್ ಕೂರಿಸಿ, ಆ ತುದಿಗೊಂದು ಈ ತುದಿಗೊಂದು ಚಕ್ರ ಹಾಕಿತ್ತು. ಕಾಲಿನಿಂದ ಬದಲಿಸುವ ಗೇರಿಗೆ ಒಂದು ಸಲಾಕೆ ಬೆಸೆದು ಎಡಗೈಗೆ ಸಿಗುವಂತೆ ಮಾಡಿತ್ತು. ಯಾಕೆಂದರೆ ನನ್ನ ಎಡಗಾಲಿಗೆ ಎರಡನೇ ವರ್ಷದಲ್ಲೇ ಪೋಲಿಯೋ. ಬಲಗಾಲು ಗಟ್ಟಿ, ಎಡಗಾಲು ಜೊತೆಗೆ ಬರುತ್ತದೆ ಅಷ್ಟೆ. ನಡೆಯಬೇಕಾದರೆ ಕಂಕುಳಲ್ಲಿ ತೇಗದ ಊರುಗೋಲು ಇರಲೇಬೇಕು.

ನಮ್ಮದು ಹೆಬ್ಬಗೋಡಿಯಿಂದ ಎರಡು ಮೈಲಿ ಒಳಗಿನ ಊರು. ಸುತ್ತ ಕಾರ್ಖಾನೆಗಳು ಬರುವುದಕ್ಕೆ ಮೊದಲಿನಿಂದ ಅಲ್ಲೇ ಇದ್ದವರು. ಕಾಲು ಆಡದ ಮಗು ಅಂಗಳಕ್ಕಿಂತ ಹೆಚ್ಚಾಗಿ ಅಜ್ಜಿಯ ತೊಡೆಯ ಮೇಲೇ ಬೆಳೆಯಿತು. ಹಾಗಾಗಿ ನನಗೆ ಅಕ್ಷರಕ್ಕಿಂತ ಮೊದಲು ಗಾದೆ ಬಂತು. ಈಗಲೂ ಯಾರಾದರೂ ನನ್ನ ಮಾತು ಚೆನ್ನಾಗಿದೆ ಎಂದರೆ ಒಳಗೊಳಗೇ ನಗು ಬರುತ್ತದೆ. ಅದರಲ್ಲಿ ನನ್ನದೇನಿದೆ? ಎಲ್ಲ ಅವಳದೇ.

ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯಲ್ಲಿ ನನಗೆ ಸರ್ಕ್ಯೂಟ್ ಬೋರ್ಡು ಪರೀಕ್ಷಿಸುವ ಕೆಲಸ. ಕೂತಲ್ಲೇ ಕೆಲಸ, ಕೈಯದೂ ಕಣ್ಣಿನದೂ. ಕಂಪನಿಯ ವ್ಯಾನು ಊರ ಬಾಗಿಲಿಗೇ ಬರುತ್ತಿತ್ತು. ಹೊಸೂರು ರಸ್ತೆಗೆ ಮೇಲ್ಸೇತುವೆ ಬಂದು ಎರಡು ಮೂರು ವರ್ಷವಾಗಿದ್ದ ಕಾಲ ಅದು. ಒಂದು ದಿನ ನೋಟೀಸು ಹಾಕಿದರು: ಇನ್ನು ನಮ್ಮ ದಾರಿಗೆ ವ್ಯಾನು ಕೆಲವೇ ತಿಂಗಳು, ಆಮೇಲೆ ನಿಮ್ಮ ನಿಮ್ಮ ವ್ಯವಸ್ಥೆ ಮಾಡಿಕೊಳ್ಳಿ. ಬಸ್ಸಿನಲ್ಲಿ ಹೋಗಿ ನೋಡಿದೆ. ಮೆಟ್ಟಿಲು ಹತ್ತುವಷ್ಟರಲ್ಲಿ ಹಿಂದಿನವರು ನೂಕುತ್ತಿದ್ದರು, ಇಳಿಯುವಷ್ಟರಲ್ಲಿ ಕಂಡಕ್ಟರು ಸೀಟಿ ಊದುತ್ತಿದ್ದ. ಕೆಲಸ ಬಿಟ್ಟರೆ ಮತ್ತೆ ಅಂಗಳ. ಗಾಡಿ ಮಾಡಿಸುವುದು ಎಂದು ನಿರ್ಧರಿಸಿದ್ದು ಆಗ.

ಅಜ್ಜಿ ಕೇಳಿದವಳೇ, "ಕುಂಟಂಗೆ ಎಂಟು ಚೇಷ್ಟೆ ಅಂತಾರೆ, ನಿಂದು ಒಂಬತ್ನೇದು ಕಣವ್ವ" ಎಂದಳು. ಬೇಡ ಎನ್ನಲಿಲ್ಲ.

ಹೆಬ್ಬಗೋಡಿಯ ಸರ್ವಿಸ್ ರಸ್ತೆಯಲ್ಲಿ ಗೇಟು, ಗ್ರಿಲ್ಲು ಮಾಡುವ ವರ್ಕ್‌ಶಾಪ್ ಇತ್ತು. ಅದರ ಯಜಮಾನ ಬೈಕ್ ರಿಪೇರಿಯನ್ನೂ ಬಲ್ಲವನು. "ಆನೆ ಬಂದ್ರೆ ನಿಲ್ಸೋಂಥ ಗೇಟ್ ಮಾಡ್ತೀವಿ ಮೇಡಂ, ನಿಮ್ ಗಾಡಿ ಏನ್ ಮಹಾ" ಎಂದು ಒಪ್ಪಿಕೊಂಡ. ಆದರೆ ಕೆಲಸ ಮಾಡಿದ್ದು ಅವನಲ್ಲ, ಅವನ ವೆಲ್ಡರು.

ವೆಲ್ಡರು ಬಾಗಲಕೋಟೆ ಕಡೆಯವನು. ಚಂದಾಪುರದಲ್ಲಿ ಊರಿನವರೇ ನಾಲ್ಕು ಜನ ಸೇರಿ ಮಾಡಿಕೊಂಡ ಬಾಡಿಗೆ ಕೋಣೆಯಲ್ಲಿದ್ದ. ನನಗಿಂತ ಒಂದೆರಡು ವರ್ಷ ದೊಡ್ಡವನಿರಬಹುದು. ಸದಾ ಬೆಸುಗೆಯ ಕಪ್ಪು ಕನ್ನಡಕ ಹಾಕಿ ಹಾಕಿ, ಅದನ್ನು ತೆಗೆದಾಗ ಕಣ್ಣಿನ ಸುತ್ತ ಮಾತ್ರ ತೊಳೆದ ಹಾಗೆ ತಿಳಿಯಾಗಿರುತ್ತಿತ್ತು. ಮೊದಲ ದಿನ ಅವನು ಅಳತೆ ಪಟ್ಟಿಯನ್ನು ಗಾಡಿಗೆ ಹಿಡಿಯಲಿಲ್ಲ. ಒಂದು ಸ್ಟೂಲು ತಂದಿಟ್ಟು, "ಇದರ ಮ್ಯಾಲೆ ಕುಂದರ್ರಿ, ಮತ್ತ ಏಳ್ರಿ" ಎಂದ. ನಾನು ಕೂತೆ, ಎದ್ದೆ. ಅವನು ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು, ನನ್ನ ಯಾವ ಕೈ ಮೊದಲು ಎಲ್ಲಿಗೆ ಹೋಗುತ್ತದೆ, ಯಾವ ಮಗ್ಗುಲಿಗೆ ಭಾರ ಬೀಳುತ್ತದೆ ಎಂದು ನೋಡುತ್ತಿದ್ದ. ಜನ ನನ್ನ ಕಾಲನ್ನು ನೋಡುವುದು ನನಗೆ ಹೊಸದಲ್ಲ. ಅವನು ನೋಡುತ್ತಿದ್ದದ್ದು ಕಾಲನ್ನಲ್ಲ, ನಾನು ಏಳುವ ರೀತಿಯನ್ನು. ನಾಲ್ಕು ಸಲ ಕೂರಿಸಿ ಏಳಿಸಿದ.

"ಯಾಕಪ್ಪಾ, ಬಸ್ಕಿ ಒಡೆಸ್ತಾ ಇದ್ದೀಯಾ ನಮ್ಮುಡ್ಗೀಗೆ?" ಎಂದಳು ಜೊತೆಗೆ ಬಂದಿದ್ದ ಅಜ್ಜಿ.

"ಇಲ್ರಿ ಆಯಿ, ಕುದುರಿಗೆ ಜೀನ ಹೊಲಿಯೋ ಮುಂದ ಸವಾರನ್ನ ನೋಡಬೇಕಲ್ರಿ" ಎಂದ.

ಅಜ್ಜಿಗೆ ಆ ಮಾತು ಹಿಡಿಸಿತು. ಅವತ್ತಿನಿಂದ ನಾನು ವರ್ಕ್‌ಶಾಪಿಗೆ ಹೊರಟಾಗಲೆಲ್ಲ ಎಲೆಅಡಿಕೆ ಚೀಲ ಸಿಕ್ಕಿಸಿಕೊಂಡು ಅವಳೂ ಹೊರಡುತ್ತಿದ್ದಳು.

ಗಾಡಿ ಕೈಗೆ ಬಂದ ದಿನ ಅದರ ಮೇಲೆ ನಾನು ಕೇಳದೇ ಇದ್ದ ಒಂದು ವಸ್ತು ಇತ್ತು. ಮುಂದಿನ ಚಕ್ರವನ್ನು ಹಿಡಿದಿರುವ ಎರಡು ಕೊಳವೆಗಳಲ್ಲಿ ಎಡಗಡೆಯದಕ್ಕೆ ಒಂದರ ಮೇಲೊಂದು ಎರಡು ಕಬ್ಬಿಣದ ಬಳೆಗಳನ್ನು ಬೆಸೆದಿದ್ದ. ಒಳಗೆ ಸೈಕಲ್ ಟ್ಯೂಬಿನ ರಬ್ಬರು ಸುತ್ತಿತ್ತು. ಊರುಗೋಲನ್ನು ಅದರಲ್ಲಿ ಇಳಿಬಿಟ್ಟರೆ ಧ್ವಜದ ಕೋಲಿನಂತೆ ನೆಟ್ಟಗೆ ನಿಲ್ಲುತ್ತಿತ್ತು.

"ಹಿಂದ ಇಟ್ರ ತಿರುಗಿ ತಗೋಬೇಕಾಗತೈತ್ರಿ. ಇಲ್ಲಿದ್ರ ಕೈ ಚಾಚಿದ್ರ ಸಾಕು. ರಬ್ಬರ್ ಹಾಕೇನಿ, ಕಟಗಿಗೆ ಗೀರು ಬೀಳಂಗಿಲ್ಲ" ಎಂದ.

ಇಪ್ಪತ್ತೇಳನೇ ವಯಸ್ಸಿನವರೆಗೂ ನನ್ನ ಕೋಲು ಎಲ್ಲಿರಬೇಕು ಎಂಬುದನ್ನು ಬೇರೆಯವರು ತೀರ್ಮಾನ ಮಾಡಿದ್ದರು. ಬಸ್ಸಿನಲ್ಲಿ ಕಂಡಕ್ಟರು ಅದನ್ನು ಡ್ರೈವರ್ ಸೀಟಿನ ಹಿಂದೆ ನಿಲ್ಲಿಸುತ್ತಿದ್ದ. ಮದುವೆ ಮನೆಗಳಲ್ಲಿ ಯಾರೋ ತೆಗೆದು ಮೂಲೆಗೆ ಒರಗಿಸುತ್ತಿದ್ದರು, ಆಮೇಲೆ ನಾನು ಊಟ ಮುಗಿಸಿ ಅದನ್ನು ತಂದುಕೊಡುವವರಿಗಾಗಿ ಕಾಯಬೇಕಿತ್ತು. ನನ್ನ ಕೈಯಳತೆಯಲ್ಲೇ ಅದಕ್ಕೊಂದು ಜಾಗ ಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಹೊಳೆದಿರಲಿಲ್ಲ.

ಮಾರನೆಯ ಬೆಳಿಗ್ಗೆಯೇ ಗಾಡಿ ತಲೆಯಾಡಿಸಿತು.

ಆ ತಿಂಗಳ ಕೊನೆಗೆ ವ್ಯಾನು ನಿಲ್ಲುವುದಿತ್ತು. ಹೊಸೂರು ರಸ್ತೆಯ ಪಕ್ಕದ ದಾರಿಯಲ್ಲಿ ಇಪ್ಪತ್ತರಲ್ಲಿ ತೆವಳುತ್ತಾ ಹೋದರೆ ಹಿಂದಿನಿಂದ ಲಾರಿಗಳು ಹಾರನ್ ಒತ್ತಿ ಬೆನ್ನಿಗೇ ಬರುತ್ತವೆ. ಮೂವತ್ತೈದಾದರೂ ಬೇಕು. ಅಪ್ಪ ಒಂದೇ ಮಾತು ಹೇಳಿದರು: "ತಿಂಗಳು ಮುಗಿಯೋದ್ರೊಳಗೆ ನೆಟ್ಟಗಾದ್ರೆ ಸರಿ. ತಲೆ ಅಲುಗೋ ಗಾಡೀಲಿ ನಿನ್ನ ಲಾರಿ ಬಾಯಿಗೆ ಕಳಿಸಲ್ಲ." ಮೊದಲ ಭಾನುವಾರ ಅಜ್ಜಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಇಪ್ಪತ್ತರಲ್ಲೇ ವರ್ಕ್‌ಶಾಪಿಗೆ ಹೋದೆ.

ಯಜಮಾನ ಹ್ಯಾಂಡಲ್ ಅಲ್ಲಾಡಿಸಿ ನೋಡಿದ. "ಕೋನ್ ಸೆಟ್ಟು" ಎಂದ. ಹ್ಯಾಂಡಲ್ಲಿನ ಕುತ್ತಿಗೆಯೊಳಗೆ ಸಣ್ಣ ಗುಂಡುಗಳಿರುತ್ತವೆ, ಅವು ಸವೆದರೆ ತಲೆ ಸಡಿಲವಾಗುತ್ತದೆಯಂತೆ. ಹೊಸದು ಹಾಕಿದ. ನನ್ನನ್ನು ಇಳಿಸಿ, ಕೋಲು ನನ್ನ ಕೈಗೆ ಕೊಟ್ಟು, ತಾನೇ ಹತ್ತಿ ಸರ್ವಿಸ್ ರಸ್ತೆಯ ತುದಿಯವರೆಗೆ ನಲವತ್ತರಲ್ಲಿ ಹೋಗಿ ಬಂದ. "ಬೆಣ್ಣೆ ಮೇಡಂ, ಬೆಣ್ಣೆ!" ನಾನು ಹತ್ತಿದೆ. ಇಪ್ಪತ್ತೈದು ದಾಟಿತು, ಪಟಪಟ ಶುರುವಾಯಿತು. ವಾಪಸ್ ಬಂದೆ. ಚಕ್ರದ ಕಡ್ಡಿಗಳನ್ನು ಬಿಗಿದು ಡೊಂಕು ತೆಗೆದ. ಕೊಳವೆಯ ಎಣ್ಣೆ ಬದಲಿಸಿದ. ಗಾಳಿ ಇಳಿಸಿ ನೋಡಿದ, ಏರಿಸಿ ನೋಡಿದ. ಒಂದೊಂದು ಸಲವೂ ಅವನು ಕೂತರೆ ಬೆಣ್ಣೆ, ನಾನು ಕೂತರೆ ಪಟಪಟ.

ಕೊನೆಗೆ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಾ, "ಬೇಜಾರ್ ಮಾಡ್ಕೋಬೇಡಿ ಮೇಡಂ. ಗಾಡಿ ಸಕ್ಕತ್ತಾಗಿದೆ. ನಿಮ್ ಕೈನೇ ಭಯಕ್ಕೆ ನಡುಗ್ತಿರೋದು. ಕುಣಿಯೋಕೆ ಬರದೋಳು ನೆಲ ಡೊಂಕು ಅಂದ್ಲಂತೆ" ಎಂದು ನಕ್ಕ.

ಅಜ್ಜಿ ಎಲೆಯ ರಸ ಉಗಿದು ಬಂದು, "ನೆಲ ಡೊಂಕಾಗಿದ್ರೆ ಡೊಂಕು ಅನ್ನದೆ ಇನ್ನೇನಪ್ಪ ಅನ್ಬೇಕು? ಕುಣಿಯೋಳ ಕಾಲು ಡೊಂಕು ಅಂತ ನಿಂಗೆ ಮೊದ್ಲೇ ಗೊತ್ತಿತ್ತಲ್ಲ, ಅದ್ಕೇ ತಾನೇ ಗಾಡಿ ಮಾಡ್ಸಿದ್ದು?" ಎಂದಳು.

ಯಜಮಾನ ಸ್ಪ್ಯಾನರ್ ಎತ್ತಿಕೊಂಡು ಒಳಗೆ ಹೋದ. ಆದರೆ ನನಗೆ ಅವನ ಮಾತು ಒಳಗೆ ಇಳಿದಿತ್ತು. ಆ ವಾರವೆಲ್ಲ ಕೆಲಸದಲ್ಲಿ ಬೋರ್ಡು ಹಿಡಿದ ಕೈಯನ್ನು ನೋಡಿಕೊಂಡೆ. ಕೂದಲೆಳೆಯಷ್ಟು ಸಣ್ಣ ತಂತಿಗೆ ಸೂಜಿಮೊನೆ ತಾಗಿಸುವ ಕೈ, ಒಂದು ದಿನವೂ ನಡುಗಿದ್ದಿಲ್ಲ. ಆದರೂ ಅನುಮಾನ ಬಂತು.

ಎರಡನೆಯ ಭಾನುವಾರ ಯಜಮಾನ ಇರಲಿಲ್ಲ. ಷಟರ್ ಅರ್ಧ ಎಳೆದು ವೆಲ್ಡರೊಬ್ಬನೇ ಇದ್ದ. ನಾನು ಹೇಳಿದ್ದನ್ನೆಲ್ಲ ಕೇಳಿ, ಅವನೂ ಮೊದಲು ತಾನೇ ಹತ್ತಿ ಓಡಿಸಿ ನೋಡಿದ. ಏನೂ ಇಲ್ಲ. ಗಾಡಿ ನಿಲ್ಲಿಸಿ ಇಳಿದ. ಆಮೇಲೆ, "ನೀವ ಹೊಡೀರಿ. ನಾ ಬಾಜೂಕ ಓಡ್ತೇನಿ" ಎಂದ.

ಬೊಮ್ಮಸಂದ್ರದ ಕಾರ್ಖಾನೆಗಳ ನಡುವಿನ ರಸ್ತೆಗಳು ಭಾನುವಾರ ಖಾಲಿ. ಒಂದು ಗೋಡೆಯ ನೆರಳಿನಲ್ಲಿ ಅಜ್ಜಿಯನ್ನು ಕೂರಿಸಿದೆವು. ಅವನು ಚಪ್ಪಲಿ ಬಿಚ್ಚಿ ಅವಳ ಪಕ್ಕ ಇಟ್ಟ. ನಾನು ಹೊರಟೆ, ಅವನು ಗಾಡಿಯ ಎಡಕ್ಕೆ ಓಡತೊಡಗಿದ. ಹದಿನೈದು, ಹದಿನೆಂಟು, ಇಪ್ಪತ್ತು. ಬಗ್ಗಿ ಮುಂದಿನ ಚಕ್ರವನ್ನೇ ನೋಡುತ್ತಾ ಓಡುತ್ತಿದ್ದ, ಅಂಗಿ ಬೆನ್ನಿನ ಮೇಲೆ ಉಬ್ಬಿತ್ತು. ಇಪ್ಪತ್ತೈದಕ್ಕೆ ನಡುಕ ಶುರುವಾದಾಗ ಅವನು ಇನ್ನೂ ಜೊತೆಗಿದ್ದ. ನಾಲ್ಕೈದು ಹೆಜ್ಜೆಯಷ್ಟೆ, ಆಮೇಲೆ ಹಿಂದೆ ಬಿದ್ದ. ಬ್ರೇಕ್ ಒತ್ತಿ ತಿರುಗಿ ನೋಡಿದೆ. ರಸ್ತೆಯ ಮಧ್ಯೆ ಮಂಡಿಯ ಮೇಲೆ ಕೈಯೂರಿ ಏದುಸಿರು ಬಿಡುತ್ತಿದ್ದ.

"ಹೌದ್ರಿ ಮೇಡಮ್ಮಾರ, ಗಾಲಿ ಅಲಗಾಡಾಕತ್ತೈತಿ. ಕಣ್ಣಾರೆ ನೋಡ್ದೆ. ಅದು ನಿಮ್ಮ ಕೈ ಅಲ್ರಿ. ಗಾಡೀದ ಐತಿ."

ನನಗೆ ಅಳು ಬಂತು. ಹೆಲ್ಮೆಟ್ ತೆಗೆಯಲಿಲ್ಲ.

ಆಮೇಲೆ ಅವನು ಇನ್ನೆರಡು ಸಲ ಓಡಿದ. ಒಂದು ಸಲ ಬಲಗಡೆಯಿಂದ, ಒಂದು ಸಲ ಹಿಂದಿನಿಂದ. ಅಜ್ಜಿ ಗೋಡೆಯ ಬದಿಯಿಂದಲೇ, "ಏ ಮಗ, ಆ ಗಾಡಿ ಆಗ್ದಿದ್ರೆ ಓಗ್ಲಿ ಬಿಡು, ನೀನೇ ಒತ್ಕೊಂಡು ಓಡೋಗ್ಬುಡು ಅವಳ್ನ!" ಎಂದು ಕೂಗಿದಳು. ಅವನ ಮುಖ ಕೆಂಪಾಯಿತು. ನನ್ನದೂ ಆಗಿರಬೇಕು.

ಅಲ್ಲಿಂದ ಮುಂದಿನ ಭಾನುವಾರದವರೆಗೆ ನಾನು ಕಾದದ್ದು ಗಾಡಿ ಸರಿಯಾಗುವುದಕ್ಕೋ ಅಥವಾ ಬೇರೆ ಯಾವುದಕ್ಕೋ ಎಂದು ಯಾರಾದರೂ ಕೇಳಿದ್ದರೆ, ಗಾಡಿಗೆ ಎಂದೇ ಹೇಳುತ್ತಿದ್ದೆ.

ಬುಧವಾರ ಯಾವುದೋ ಹಬ್ಬದ ರಜೆ. ಬೆಳಿಗ್ಗೆ ಮನೆಯ ಮುಂದೆ ಗಾಡಿ ಹತ್ತಿ ಕೂತಿದ್ದೆ, ಊರಿನ ಕೆರೆಯವರೆಗೆ ಒಂದು ಸುತ್ತು ಹೋಗಿ ಬರೋಣವೆಂದು. ಅಜ್ಜಿ ಬಂದು ಬಳೆಯೊಳಗಿಂದ ಊರುಗೋಲನ್ನು ಎಳೆದುಕೊಂಡಳು.

"ಅಜ್ಜಿ, ಅದು ನನ್ನ ಕಾಲು."

"ಕೂತಿರೋಳಿಗೆ ಕಾಲ್ಯಾಕೆ? ಸೀಬೆಕಾಯಿ ಕೀಳ್ತೀನಿ, ತಡಿ" ಎಂದು ಹಿತ್ತಲಿಗೆ ನಡೆದಳು.

ಅವಳು ಬರುವಷ್ಟರಲ್ಲಿ ಹೋಗಿ ಬಂದರಾಯಿತೆಂದು ಹೊರಟೆ. ಇಪ್ಪತ್ತೈದು ದಾಟಿತು. ಮೂವತ್ತು. ಮೂವತ್ತೈದು. ಗಾಡಿ ಎಣ್ಣೆ ಹಚ್ಚಿದ ದಾರಿಯಲ್ಲಿ ಜಾರುವಂತೆ ಹೋಗುತ್ತಿತ್ತು. ಕೆರೆಯ ಏರಿಯ ಮೇಲೆ ನಿಲ್ಲಿಸಿದೆ. ನಮ್ಮ ಕಂಪನಿಯಲ್ಲಿ ಹೊಸಬರಿಗೆ ಮೊದಲು ಹೇಳಿಕೊಡುವ ಪಾಠ ಒಂದಿದೆ: ಬೋರ್ಡು ಬಳಸುವವರ ಮನೆಯಲ್ಲಿ ಕೆಟ್ಟು, ನಿಮ್ಮ ಮೇಜಿನ ಮೇಲೆ ಸರಿ ಇದ್ದರೆ, ಮೇಜಿಗೆ ತರುವಾಗ ಏನನ್ನು ಬಿಚ್ಚಿಟ್ಟಿರಿ ಎಂದು ನೋಡಿ. ಐದು ವರ್ಷದಿಂದ ಅದೇ ಕೆಲಸ ಮಾಡುತ್ತಿದ್ದವಳಿಗೆ ಆ ಪಾಠ ಆಗ ನೆನಪಾಯಿತು.

ಯಜಮಾನ ಓಡಿಸುವಾಗ ಕೋಲು ನನ್ನ ಕಂಕುಳಲ್ಲಿ ಇರುತ್ತಿತ್ತು. ವೆಲ್ಡರು ಓಡಿಸಿದಾಗಲೂ. ಇಳಿದ ಮೇಲೆ ಅದಿಲ್ಲದೆ ನಾನು ನಿಲ್ಲುವುದು ಹೇಗೆ? ಗಾಡಿಯ ಮೇಲೆ ಬೇರೆ ಯಾರೇ ಕೂತರೂ ಬಳೆ ಖಾಲಿ. ನಾನು ಕೂತಾಗ ಮಾತ್ರ ಆ ಭಾರದ ತೇಗ ಮುಂದಿನ ಚಕ್ರದ ಒಂದೇ ಮಗ್ಗುಲಿಗೆ ಉದ್ದಕ್ಕೆ ನಿಂತು, ಚಕ್ರ ಒಂದಿಷ್ಟು ಅಲುಗಿದರೆ ತಾನು ಅದರ ಎರಡರಷ್ಟು ತೂಗಾಡುತ್ತಿತ್ತು.

ಮನೆಗೆ ಬಂದು ಅಜ್ಜಿಯಿಂದ ಕೋಲು ಇಸಿದುಕೊಂಡು, ಬಳೆಗೆ ಸಿಕ್ಕಿಸಿ, ಮತ್ತೆ ಹೋದೆ. ಪಟಪಟ. ತೆಗೆದು ಹೋದೆ. ಬೆಣ್ಣೆ. ಇನ್ನೊಮ್ಮೆ ಸಿಕ್ಕಿಸಿದೆ, ಇನ್ನೊಮ್ಮೆ ತೆಗೆದೆ. ಅಂಗಳದಲ್ಲಿ ನಿಂತು ಸೀಬೆಕಾಯಿ ಕಚ್ಚುತ್ತಿದ್ದ ಅಜ್ಜಿ, "ಸಿಕ್ತಾ ಕಳ್ಳ?" ಎಂದಳು.

"ಸಿಕ್ತು."

"ಮತ್ಯಾಕೆ ಮಕ ಇಂಗ್ ಮಾಡ್ಕಂಡಿದ್ದೀಯೆ?"

ಏನು ಹೇಳಲಿ? ನನಗಾಗಿ ಒಬ್ಬರು ಯೋಚಿಸಿ ಮಾಡಿದ್ದು ಆ ಎರಡು ಬಳೆ. ರೋಗ ಅದರಲ್ಲೇ ಇತ್ತು. ಅದನ್ನು ಅಲ್ಲಿಂದ ಕಿತ್ತು ಸೀಟಿನ ಹಿಂದೆ ಹಾಕಿದರೆ ಹತ್ತು ನಿಮಿಷದ ಕೆಲಸ. ಆ ಹತ್ತು ನಿಮಿಷ ಮುಗಿದರೆ ಭಾನುವಾರಗಳೂ ಮುಗಿದವು. ಗೇಟು ಗ್ರಿಲ್ಲಿನ ಅಂಗಡಿಯಲ್ಲಿ ನನಗೆ ಇನ್ನೇನು ಕೆಲಸವಿರುತ್ತದೆ?

ಮೂರನೆಯ ಭಾನುವಾರ ಹೇಳಿಬಿಡಬೇಕು ಎಂದೇ ಹೋದೆ. ಅವನು ಒಂದು ಉಂಡೆ ಗಾರೆ ಕೆಲಸದವರ ದಾರ ಹಿಡಿದು ಕಾಯುತ್ತಿದ್ದ. ವಾರವೆಲ್ಲ ಅದೇ ಯೋಚನೆ ಮಾಡಿದನಂತೆ.

"ನಾ ಕುಂತ್ರ ಬರಂಗಿಲ್ಲ, ನೀವ್ ಕುಂತ್ರ ಬರತೈತಿ. ಯಾಕ? ನೀವು ಬಲಕ್ಕ ಭಾರ ಹಾಕಿ ಕುಂದರತೀರಿ. ಹಿಂದಿನ ಆ್ಯಕ್ಸಲ್ಲಿನಾಗ ಏನರ ಸೊಟ್ಟ ಇದ್ರ ಆಗ ಮುಂದಿನ ಗಾಲಿಗೆ ತಾಕತೈತಿ. ಬೆಸುಗಿ ನಂದು. ನಂದ ತಪ್ಪ ಇರಬೇಕ್ರಿ."

ಆಗ ಹೇಳಬೇಕಿತ್ತು. ಬಾಯಿ ತೆರೆದೆ ಕೂಡ. ಅವನು ದಾರದ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು, "ಇದನ್ನ ಹಿಂಗ ಹಿಡೀರಿ, ಜಗ್ಗಬ್ಯಾಡ್ರಿ, ಸಡ್ಲನೂ ಬಿಡಬ್ಯಾಡ್ರಿ" ಎಂದ.

ನಾನು ಮುಂದಿನ ಚಕ್ರದ ಹತ್ತಿರ ಸ್ಟೂಲಿನ ಮೇಲೆ ಕೂತೆ. ಅವನು ಹಿಂದಿನ ಚಕ್ರದ ಹತ್ತಿರ ನೆಲಕ್ಕೆ ಕೆನ್ನೆ ತಾಗಿಸಿ ಮಲಗಿದ. ನಡುವೆ ದಾರ. ಅವನು ಆ ತುದಿಯಲ್ಲಿ ಬೆರಳು ಮೀಟಿದರೆ ಈ ತುದಿಯಲ್ಲಿ ನನ್ನ ಬೆರಳಿಗೆ ತಿಳಿಯುತ್ತಿತ್ತು. ಎರಡು ಬದಿಯ ಅಳತೆ ಸಮ ಇದೆಯೋ ಎಂದು ಎಡಗಡೆಗೊಂದು ಸಲ, ಬಲಗಡೆಗೊಂದು ಸಲ, ಮತ್ತೆ ಎಡಕ್ಕೆ. ಒಂದು ಗಂಟೆಯಾದರೂ ಆಗಿರಬೇಕು. ಅವನ ಊರಿನಲ್ಲಿ ಹೊಲಕ್ಕೆ ಗೆರೆ ಹೊಡೆಯುವುದೂ ಹೀಗೇ ಎಂದ. ತಾಯಿಗೆ ಮಂಡಿನೋವು, ಅವಳು ಏಳುವಾಗ ಯಾವ ಕೈಯೂರುತ್ತಾಳೆಂದು ತನಗೆ ನಿದ್ದೆಯಲ್ಲೂ ಗೊತ್ತು ಎಂದ. ನಾನು ನನ್ನ ಬೋರ್ಡುಗಳ ಬಗ್ಗೆ ಹೇಳಿದೆ. ಅಷ್ಟೇ. ಬೇರೇನೂ ಇಲ್ಲ. ಇಷ್ಟು ವರ್ಷದ ಮೇಲೂ ಆ ದಾರದ ಒರಟು ನನ್ನ ಬೆರಳಿಗೆ ನೆನಪಿದೆ ಎಂದರೆ ನಗುತ್ತೀರಿ, ನಗಿ.

"ಇಲ್ಲಿ ಐತಿ ನೋಡ್ರಿ!" ಎಂದು ಎದ್ದ. ಬಲಗಡೆ ಒಂದು ದಾರದ ದಪ್ಪದಷ್ಟು ವ್ಯತ್ಯಾಸ ಇತ್ತಂತೆ. ಯಾವ ಗಾಡಿಯಲ್ಲಿ ಅಷ್ಟು ಇರುವುದಿಲ್ಲ? "ಗಾಡಿ ಬಿಟ್ಟ ಹೋಗ್ರಿ. ಆ್ಯಕ್ಸಲ್ ಕೊಯ್ದು ಮತ್ತ ಕೂಡಸ್ತೇನಿ. ಬರೋ ಭಾನುವಾರ ಬಂದ ನೋಡ್ರಿ."

ಬರೋ ಭಾನುವಾರ. ಆ ಎರಡು ಪದ ಕೇಳಿ ನಾನು ಸುಮ್ಮನಾದೆ. ಒಂದು ವಾರ ತಾನೇ, ಆಮೇಲೆ ಹೇಳಿದರಾಯಿತು, ಕಬ್ಬಿಣ ಕತ್ತರಿಸಿ ಬೆಸೆದರೆ ಯಾರಿಗೇನು ನಷ್ಟ ಎಂದುಕೊಂಡೆ.

ಆಟೋದಲ್ಲಿ ವಾಪಸ್ ಬರುವಾಗ ಅಜ್ಜಿ, "ಕೋಲಿನ್ ಇಸ್ಯ ಯೋಳ್ನೇ ಇಲ್ವಲ್ಲ" ಎಂದಳು.

"ಮರೆತೋಯ್ತು."

"ಊಂ" ಎಂದಳು. ಹೊರಗೆ ನೋಡುತ್ತ ಅಡಿಕೆ ಜಗಿದಳು.

ನಾಲ್ಕನೆಯ ಭಾನುವಾರ ಹೋದಾಗ ಗಾಡಿ ಹೊರಗೆ ನಿಂತಿತ್ತು. ಆ್ಯಕ್ಸಲ್ಲಿನ ಹೊಸ ಬೆಸುಗೆ ಇರುವೆ ಸಾಲಿನಂತೆ ಸಣ್ಣಗೆ, ಒತ್ತೊತ್ತಾಗಿ ಹೋಗಿತ್ತು. ಒಳಗೆ ಬೇರೊಬ್ಬ ಗ್ರಿಲ್ಲಿಗೆ ಬಣ್ಣ ಹೊಡೆಯುತ್ತಿದ್ದ. ಯಜಮಾನ ಎದ್ದು ಬಂದ.

"ಅವನ್ನ ಕಳಿಸ್ಬಿಟ್ಟೆ ಮೇಡಂ" ಎಂದ, ನಾನು ಕೇಳುವ ಮೊದಲೇ. "ಡೆಲಿವರಿ ಕೊಟ್ಟಿರೋ ಮಾಲು. ನನ್ನ ಒಂದ್ ಮಾತೂ ಕೇಳ್ದೆ ಆ್ಯಕ್ಸಲ್ ಕೊಯ್ದು ಮಡಗಿದ್ದಾನೆ. ಗುರುವಾರ ಯಾರೋ ಅಪಾರ್ಟ್‌ಮೆಂಟ್ ಗೇಟ್ ಕೇಳ್ಕೊಂಡು ಬಂದವ್ರೆ, ಇದೇನ್ರಿ ಅಂತ ಕೇಳಿದ್ರೆ, ಇವನು ಅವರ ಎದುರಿಗೇ 'ನನ್ನ ಬೆಸುಗ್ಯಾಗ ತಪ್ಪಾಗಿತ್ರಿ, ತಿದ್ದಾಕತ್ತೇನಿ' ಅಂತಾನೆ! ನಾಕು ಜನದ ಮುಂದೆ! ಗಿರಾಕಿ ನಿಲ್ತಾರಾ ಹೇಳಿ? ಸೊಟ್ಟ ಕೈಯೋನು ನಂಗೆ ಬೇಡ ಹೋಗಪ್ಪಾ ಅಂದೆ. ಆದ್ರೂ ಪುಣ್ಯಾತ್ಮ, ನಿಮ್ ಕೆಲಸ ಮುಗಿಸೇ ಹೋದ."

ನಾನು ಮುಂದಿನ ಕೊಳವೆಯ ಖಾಲಿ ಬಳೆಯ ಮೇಲೆ ಕೈಯಿಟ್ಟೆ.

"ಅವರ ಬೆಸುಗೆ ಸರಿಯಾಗೇ ಇತ್ತು. ಕೋಲಿಂದ ಅಲುಗ್ತಿತ್ತು. ಆ ಕ್ಲಾಂಪ್ ಹಿಂದಕ್ಕೆ ಹಾಕಿದ್ರೆ ಸಾಕಿತ್ತು" ಎಂದೆ.

ಯಜಮಾನ ನನ್ನ ಮುಖ ನೋಡಿದ, ಕೋಲು ನೋಡಿದ, ಖಾಲಿ ಬಳೆ ನೋಡಿದ. ಹಣೆ ಚಚ್ಚಿಕೊಂಡ. "ಅಯ್ಯೋ ನನ್ ತಲೆ! ಪ್ರತಿ ಸಲ ನಾನೇ ತೆಗ್ದು ನಿಮ್ ಕೈಗೆ ಕೊಡ್ತಿದ್ನಲ್ಲ!" ಗ್ರೈಂಡರ್ ತಂದು ಬಳೆಗಳನ್ನು ಕತ್ತರಿಸಿದ. ಕಿಡಿ ಹಾರಿ ಒಳಗಿನ ರಬ್ಬರು ಸುಟ್ಟ ವಾಸನೆ ಬಂತು. ಅವನ್ನೇ ಸೀಟಿನ ಹಿಂದೆ ಬೆಸೆದ. ಕೋಲು ಸಿಕ್ಕಿಸಿ ಸರ್ವಿಸ್ ರಸ್ತೆಯಲ್ಲಿ ಹೋಗಿ ಬಂದೆ. ನಲವತ್ತೈದರವರೆಗೆ. ನಡುಕವಿಲ್ಲ. ಇಳಿಯುವಾಗ ಮಾತ್ರ ಮೈ ತಿರುಗಿಸಿ ಹಿಂದಕ್ಕೆ ಕೈ ಚಾಚಬೇಕಾಯಿತು.

ಯಜಮಾನನಿಂದ ವೆಲ್ಡರ ನಂಬರು ಇಸಿದುಕೊಂಡು ಅಲ್ಲೇ ನಿಂತು ಫೋನು ಮಾಡಿದೆ. ಎಂಟು ಹತ್ತು ಸಲ ರಿಂಗಾದ ಮೇಲೆ ಎತ್ತಿದ. ಹಿಂದೆ ಕಬ್ಬಿಣ ಕೊಯ್ಯುವ ಸದ್ದು. ಪೀಣ್ಯದಲ್ಲಿ ಒಂದು ಷೆಡ್ಡಿಗೆ ಸೇರಿಕೊಂಡಿದ್ದಾನೆ, ಭಾನುವಾರವೂ ಕೆಲಸವಂತೆ. ನಗರದ ಈ ತುದಿಗೆ ನಾವು, ಆ ತುದಿಗೆ ಪೀಣ್ಯ.

"ಗಾಡಿ ಹೆಂಗೈತ್ರಿ?" ಅದೇ ಅವನ ಮೊದಲ ಮಾತು.

ಹೇಳಿದೆ. ಕೋಲು, ಬಳೆ, ಎಲ್ಲ. ಅವನು ಜೋರಾಗಿ ನಕ್ಕ. "ಕೋಲಿಂದಾ! ನಾ ಬಾಜೂಕ ಓಡಿ ಓಡಿ ಗಾಲಿ ನೋಡಿದ್ನಿ, ಕೋಲ ನೋಡ್ಲೇ ಇಲ್ಲಲ್ರಿ!" ನಕ್ಕು ಸುಧಾರಿಸಿಕೊಂಡು, "ಹಂಗಾದ್ರ ನನ್ನ ಬೆಸುಗಿ ಸರಿ ಇತ್ತು?" ಎಂದ.

"ಸರಿ ಇತ್ತು. ಓನರ್‌ಗೂ ಹೇಳಿದೀನಿ. ವಾಪಸ್ ಬನ್ನಿ, ಬೇಡ ಅನ್ನಲ್ಲ ಅವರು."

"ಇಲ್ರಿ. ನಾಕ್ ಮಂದಿ ಮುಂದ ಸೊಟ್ಟ ಕೈಯಾಂವ ಅನಿಸ್ಕೊಂಡೇನಿ. ಆ ಜಾಗಾಕ್ಕ ಬರಾಕ ಮನಸ ಒಪ್ಪವಲ್ದು." ಆಮೇಲೆ ಕೇಳಿದ: "ಯಾವಾಗ ಗೊತ್ತಾತ್ರಿ?"

ನಿನ್ನೆ ಎಂದಿದ್ದರೆ ನಡೆದುಹೋಗುತ್ತಿತ್ತು. ಅವನಿಗೆ ತಿಳಿಯುವ ದಾರಿಯೇ ಇರಲಿಲ್ಲ. ಪಕ್ಕದಲ್ಲಿ ಅಜ್ಜಿ ನಿಂತಿದ್ದಳು.

"ನೀವು ದಾರ ಹಿಡಿದಿರಲ್ಲ," ಎಂದೆ, "ಅದಕ್ಕೂ ಮೊದಲು. ಅದರ ಹಿಂದಿನ ಬುಧವಾರ."

ಆ ಕಡೆ ಯಂತ್ರ ಒಂದು ಸುತ್ತು ಕೊಯ್ದು ನಿಂತಿತು. ಯಾಕೆ ಹೇಳಲಿಲ್ಲ ಎಂದು ಅವನು ಕೇಳುತ್ತಾನೆಂದು ಕಾದೆ. ಕೇಳಿದ್ದರೆ ಅದನ್ನೂ ಹೇಳಿಬಿಡುತ್ತಿದ್ದೆನೇನೋ. ಅವನು ಕೇಳಲಿಲ್ಲ.

"ಆಗ ಹೇಳಿದ್ರ," ಎಂದ ಬಹಳ ಮೆಲ್ಲಗೆ, "ನಾ ಇನ್ನೂ ಅಲ್ಲೇ ಇರ್ತಿದ್ನಲ್ರಿ."

ಯಾರೋ ಅವನನ್ನು ಕೂಗಿದರು. ಇಡ್ತೇನ್ರಿ ಎಂದು ಇಟ್ಟ.

ಸೋಮವಾರ ವ್ಯಾನು ಬರಲಿಲ್ಲ. ಏಳೂವರೆಗೆ ನಾನೇ ಗಾಡಿ ತೆಗೆದು ಕೆಲಸಕ್ಕೆ ಹೋದೆ. ಅಪ್ಪ ಊರ ಬಾಗಿಲವರೆಗೆ ಬಂದು ನೋಡಿ ತಲೆದೂಗಿದರು. ಆಮೇಲೆ ಅದು ಆರು ವರ್ಷ ಓಡಿತು, ಹೊಸ ಬೆಸುಗೆ ಒಂದು ದಿನವೂ ಬಾಯಿ ಬಿಡಲಿಲ್ಲ. ಆ ನಂಬರಿಗೆ ಮತ್ತೆರಡು ಸಲ ಮಾಡಿದ್ದೆ. ಮೊದಲ ಸಲ ಎತ್ತಲಿಲ್ಲ, ಎರಡನೇ ಸಲ ಆ ನಂಬರೇ ಚಾಲ್ತಿಯಲ್ಲಿ ಇರಲಿಲ್ಲ.

ಒಂದು ಭಾನುವಾರ ಟ್ಯಾಂಕು ತುಂಬಿಸಿಕೊಂಡು, ಯಾರಿಗೂ ಹೇಳದೆ, ಪೀಣ್ಯಕ್ಕೆಂದೇ ಹೊರಟೆ. ಬೊಮ್ಮನಹಳ್ಳಿಯವರೆಗೆ ಹೋದೆ. ಅಲ್ಲಿ ರಸ್ತೆಯ ಬದಿಗೆ ನಿಲ್ಲಿಸಿ ಯೋಚಿಸಿದೆ. ಪೀಣ್ಯದಲ್ಲಿ ಷೆಡ್ಡುಗಳು ಎಷ್ಟೋ, ಒಂದೊಂದರ ಬಾಗಿಲಲ್ಲೂ ಮುಖಕ್ಕೆ ಕವಚ ಹಿಡಿದ ವೆಲ್ಡರುಗಳು ಎಷ್ಟೋ. ಸಿಕ್ಕಿದರೂ ಏನೆಂದು ಹೇಳಲಿ? ಗಾಡಿ ಸರಿಯಾಗಿದೆ ಎಂದೇ? ಅರ್ಧ ಗಂಟೆ ಕೂತಿದ್ದು ವಾಪಸ್ ತಿರುಗಿಸಿದೆ.

ಮನೆಯ ಜಗಲಿಯ ಮೇಲೆ ಅಜ್ಜಿ ಅವರೆಕಾಯಿ ಬಿಡಿಸುತ್ತಿದ್ದಳು. ಎಲ್ಲಿಗೆ ಹೋಗಿದ್ದೆ ಎಂದು ಕೇಳಲಿಲ್ಲ.

"ಅಲುಗ್ತಾ?" ಎಂದಳು.

"ಇಲ್ಲಜ್ಜಿ. ಒಂಚೂರೂ ಇಲ್ಲ."

ಅವಳು ಸರಿದು ಕೂತು ಜಾಗ ಮಾಡಿದಳು. ಒಂದು ಹಿಡಿ ಕಾಯಿ ನನ್ನ ಮುಂದೆ ಸುರಿದಳು. ಕತ್ತಲಾಗುವವರೆಗೆ ಇಬ್ಬರೂ ಬಿಡಿಸಿದೆವು.